ಮಿಕ್ಕಿದ ಬಿಸಿಲಿನ ಹಪ್ಪಳ

ಮನೆಗೆ ಬಂದು ನೀರೂ ಮುಟ್ಟದೆ ಹೋಗುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಯಾರು ಮೆಟ್ಟಿಲು ಹತ್ತಿದರೂ ‘ಬನ್ನಿ’ ಎಂದ ಮರುಗಳಿಗೆಗೆ ಕೇಳುವುದು ‘ಆಸರಿಗೆ ಎಂತ ಬೇಕು?’ ಅಂತ. ಬಾಯಾರಿಕೆಗೆ ಮಜ್ಜಿಗೆಯೋ, ಪಾನಕವೋ, ಏನೂ ಇಲ್ಲದಿದ್ದರೆ ಬೆಲ್ಲದ ಚೂರಿನ ಜೊತೆ ಒಂದು ಚೊಂಬು ನೀರೋ. ಮೀಟರ್ ಓದಲು ಬಂದವನೂ ಕುಡಿದು ಹೋಗುತ್ತಾನೆ, ದಾರಿ ತಪ್ಪಿ ಬಂದವನೂ ಕುಡಿದು ಹೋಗುತ್ತಾನೆ. ಹೀಗಿರುವಾಗ ಒಬ್ಬ ಮನುಷ್ಯ ವರ್ಷ ಪೂರ್ತಿ ನಮ್ಮ ಮನೆಗೆ ಬಂದು, ಕೋಣೆ ಕೋಣೆ ತಿರುಗಿ, ಅಡುಗೆಮನೆಯ ಮಿಕ್ಸರನ್ನೂ ಬಿಡದೆ ನೋಡಿ, ನೀರು ಬೇಡವೆಂದು ಹೊರಗೆ ಹೋಗಿ, ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತು ತನ್ನ ಡಬ್ಬಿಯ ಅವಲಕ್ಕಿ ತಿಂದರೆ ಸಿಟ್ಟು ಬಾರದೇ ಇರುತ್ತದೆಯೇ? ಬೈಕಿನಲ್ಲಿ, ಬಸ್ಸಿನಲ್ಲಿ ಶಿರಸಿಗೆ ಹೋಗುವ ಇಸಳೂರಿನ ಅಷ್ಟೂ ಮಂದಿ ಅದನ್ನು ನೋಡುತ್ತಾರೆ. ಇವರ ಮನೆಯಲ್ಲಿ ಬಂದವರಿಗೆ ಏನೂ ಕೊಡುವುದಿಲ್ಲ ಎಂದು ಊರು ಆಡಿಕೊಳ್ಳಲು ಇಷ್ಟು ಸಾಕು.

ಅವರ ಹೆಸರು ಬರೆಯುವುದಿಲ್ಲ. ಜನರ ಬಾಯಲ್ಲಿ ಅವರು ಝೀರೋ ಸರ್. ವರ್ಷಕ್ಕೆ ಎಷ್ಟು ಕರೆಂಟು ತಿನ್ನುತ್ತದೆಯೋ ಅಷ್ಟನ್ನೂ ತಾನೇ ಬಿಸಿಲಿನಿಂದ ಹುಟ್ಟಿಸಿಕೊಳ್ಳುವ ಕಟ್ಟಡಕ್ಕೆ ನೆಟ್ ಝೀರೋ ಎನ್ನುತ್ತಾರಂತೆ. ಅಂಥ ಕಟ್ಟಡಗಳಿಗೆ ನಕ್ಷೆ ಹಾಕುವುದು, ಬೇರೆಯವರು ಕಟ್ಟಿಸಿದ್ದನ್ನು ಒಂದು ವರ್ಷ ಅಳೆದು ‘ಹೌದು, ಸರಿದೂಗಿದೆ’ ಎಂದು ಸಹಿ ಹಾಕುವುದು, ಎರಡೂ ಅವರ ಕೆಲಸ. ತಾವು ನಕ್ಷೆ ಹಾಕಿದ್ದಕ್ಕೆ ತಾವೇ ಸಹಿ ಹಾಕುವಂತಿರಲಿಲ್ಲ, ಅದಕ್ಕೆ ಬೇರೆ ಊರಿನಿಂದ ಮತ್ತೊಬ್ಬರು ಬರಬೇಕು. ನಕ್ಷೆ ಹಾಕಿಸಿಕೊಳ್ಳುವವರು ಈ ಕಡೆ ಬೆರಳೆಣಿಕೆಯಷ್ಟು. ಸಹಿ ಬೇಕಾದವರೇ ಹೆಚ್ಚು. ಯಲ್ಲಾಪುರದ ಹೋಮ್‌ಸ್ಟೇಗಳು, ಎಕ್ಕಂಬಿಯ ಒಂದು ಗೋದಾಮು, ಹೆಗ್ಗರಣೆ ಕಡೆಯ ಒಂದು ಶಾಲೆ, ಹೀಗೆ ಹಳೆಯ ಸ್ಕೂಟರಿನ ಮೇಲೆ ಮೂರೂ ತಾಲೂಕು ಸುತ್ತುತ್ತಿದ್ದರು.

ಮೂಲ ಹಾವೇರಿ ಕಡೆಯವರು. ಬಯಲುಸೀಮೆಯ ಬಿಸಿಲು ಬಿಟ್ಟು ಈ ಮೋಡದ ಊರಿಗೆ ಯಾಕೆ ಬಂದಿರಿ, ನಿಮ್ಮ ಕೆಲಸಕ್ಕೆ ಅಲ್ಲೇ ಸುಲಭವಲ್ಲವೇ ಎಂದು ನಾನೊಮ್ಮೆ ಕೇಳಿದ್ದೆ.

“ಅಲ್ಲಿ ಯಾರ್ ಬೇಕಾದ್ರೂ ಮಾಡ್ತಾರ್ರೀ ಅಕ್ಕಾರ. ಮಳಿಗಾಲ ಪೂರಾ ಸೂರ್ಯಾನ ಮಾರಿ ಕಾಣದ ಊರಾಗ ಸರಿದೂಗಿಸಬೇಕು. ಅದು ಖರೇ ಲೆಕ್ಕ” ಎಂದರು. ಉತ್ತರ ಚೆನ್ನಾಗಿಯೇ ಇತ್ತು, ಆದರೆ ಅದು ಪೂರ್ತಿ ಉತ್ತರವಲ್ಲ ಎಂದು ನನಗೆ ಆಗಲೇ ಅನ್ನಿಸಿತ್ತು.

ಅವರು ಗೋಡೆ ಮುಟ್ಟಿ ನೋಡುವ ರೀತಿಯೊಂದಿತ್ತು. ಚೀಲದಲ್ಲಿ ನೂರೆಂಟು ಯಂತ್ರ ಇಟ್ಟುಕೊಂಡಿದ್ದರೂ ಮೊದಲು ಮುಂಗೈ ತಿರುಗಿಸಿ, ಕೈಯ ಹಿಂಬದಿಯನ್ನು ಗೋಡೆಗೆ ತಾಗಿಸುವರು, ಮಗುವಿಗೆ ಜ್ವರ ಬಂದಾಗ ತಾಯಂದಿರು ಹಣೆ ಮುಟ್ಟಿ ನೋಡುವ ಹಾಗೆ. ಪಡುವಣ ಗೋಡೆ ಬಿಸಿಯಿದ್ದರೆ ‘ಚ್ಚ್ ಚ್ಚ್’ ಎನ್ನುವರು. ಆಮೇಲೆ ಲೈಟು, ಫ್ಯಾನು ಎಲ್ಲ ಆರಿಸಿ ನಡುಮನೆಯಲ್ಲಿ ಸುಮ್ಮನೆ ನಿಲ್ಲುವರು. ಗಾಳಿ ಎಲ್ಲಿಂದ ಬರುತ್ತದೆ, ಬೆಳಕು ಎಲ್ಲಿಯವರೆಗೆ ತಲುಪುತ್ತದೆ ಎಂದು ನೋಡುತ್ತಿದ್ದರಂತೆ. ಮೊದಲ ಸಲ ನಾನು ಅಡುಗೆಮನೆಯಿಂದ ಇಣುಕಿದಾಗ ಆ ಮಬ್ಬಿನಲ್ಲಿ ಕಣ್ಣುಮುಚ್ಚಿ ನಿಂತಿದ್ದರು. ದೇವರೇ, ಎಂತ ಆಯ್ತು ಇವರಿಗೆ ಎಂದು ಹೆದರಿಕೊಂಡೆ. ಟಿವಿ ಆರಿಸಿದ ಮೇಲೂ ಉರಿಯುತ್ತದಲ್ಲ, ಆ ಸಣ್ಣ ಕೆಂಪು ದೀಪ, ಅದನ್ನು ಕಂಡರೆ ಅವರಿಗೆ ಜಿಗಣೆ ಕಂಡಷ್ಟು ಸಿಟ್ಟು. “ಇದು ಮಲಗೂದ ಇಲ್ಲ ನೋಡ್ರಿ, ಇಪ್ಪತ್ನಾಕು ತಾಸೂ ಕುಡೀತೈತಿ” ಎನ್ನುವರು.

ತಾವು ಮಾತ್ರ ಎಲ್ಲಿಯೂ ಏನೂ ಕುಡಿಯದವರು.

ಅದಕ್ಕೆ ಜನ ತಲೆಗೊಂದು ಅರ್ಥ ಕಟ್ಟಿದರು. ಯಲ್ಲಾಪುರದ ಹೋಮ್‌ಸ್ಟೇ ಮಾಲೀಕರು ‘ದೊಡ್ಡ ಮನುಷ್ಯರು, ನಮ್ಮನೆ ನೀರು ಆಗಿಬರುವುದಿಲ್ಲ’ ಎಂದರು. ಸಿದ್ದಾಪುರದ ಕಡೆ ಹೊಸದಾಗಿ ಮನೆ ಕಟ್ಟಿಸಿದ ಒಬ್ಬ ರೈತ, ಇದು ಜಾತಿ ನೋಡುವ ಆಸಾಮಿ, ನಮ್ಮ ಕೈಯಲ್ಲಿ ಕುಡಿಯುವುದಿಲ್ಲ ಎಂದು ನೊಂದುಕೊಂಡನಂತೆ. ನಮ್ಮ ಮನೆಯಲ್ಲಿ ಅತ್ತೆಯ ಯೋಚನೆ ಪೂರ್ತಿ ಉಲ್ಟಾ. ಇವರು ಮಡಿಯವರು, ಲೋಟ ತೊಳೆದಿಡು ಅಂದಾರು ಎಂದು ಅವನಿಗೇ ಅಂಜಿಕೆ ಇರಬೇಕು ಎಂದು ಅವರಿಗೆ ಸಂಕಟ. ಒಂದು ದಿನ ಬೇಕೆಂದೇ ಸ್ಟೀಲಿನದು ಬಿಟ್ಟು ತಾವು ಕುಡಿಯುವ ಹಿತ್ತಾಳೆ ಲೋಟದಲ್ಲೇ ಮಜ್ಜಿಗೆ ತಂದಿಟ್ಟರು. ಅವರು ಕೈಮುಗಿದು, “ಬ್ಯಾಡ್ರಿ ಅವ್ವಾರ, ಕೆಲಸ ಮುಗೀಲಿ” ಎಂದು ಎದ್ದುಹೋದರು. ಅತ್ತೆ ಆ ಮಜ್ಜಿಗೆಯನ್ನು ಕರಿಬೇವಿನ ಬುಡಕ್ಕೆ ಚೆಲ್ಲಿ, “ಎಂತ ಜನವೋ ಏನೋ, ಒಂದು ತೊಟ್ಟು ನೀರೂ ಕುಡಿತ್ನಿಲ್ಲೆ” ಎಂದು ಇಡೀ ಸಂಜೆ ಗೊಣಗಿದರು. ಇಂಥ ಮಾತುಗಳು ಝೀರೋ ಸರ್ ಕಿವಿಗೂ ಬೀಳುತ್ತಿದ್ದವು. ಒಮ್ಮೆಯೂ ತಿದ್ದಿದವರಲ್ಲ.

ನಮಗೆ ಆ ಸಹಿ ಬೇಕಾಗಿದ್ದು ನನ್ನ ಗಂಡನ ಕಾರಣಕ್ಕೆ. ಇವರದು ಶಿರಸಿ ಪೇಟೆಯಲ್ಲಿ ಪಂಪ್‌ಸೆಟ್ಟು, ಬ್ಯಾಟರಿ, ಸೋಲಾರ್ ಸಾಮಾನಿನ ಅಂಗಡಿ. ಇಸಳೂರಿನಲ್ಲಿ ಮನೆ ಕಟ್ಟಿಸುವಾಗಲೇ ಹಠ ಹಿಡಿದು ದೊಡ್ಡ ಸೂರು, ಎದುರುಬದುರು ಕಿಟಕಿ, ಕರೆಂಟಿನ ಒಲೆ, ತಾರಸಿಯ ಮೇಲೆ ಸೋಲಾರ್ ಹಲಗೆಗಳ ಸಾಲು ಎಲ್ಲ ಮಾಡಿಸಿದ್ದರು. ಸರ್ಟಿಫಿಕೇಟಿಗೆ ಗಾಜು ಹಾಕಿಸಿ ಅಂಗಡಿಯ ಗೋಡೆಗೆ ತೂಗುಹಾಕಬೇಕು, ಬಂದ ಗಿರಾಕಿಗೆ ‘ನೋಡಿ, ಬೇರೆಯವರದಲ್ಲ, ನನ್ನ ಸ್ವಂತ ಮನೆ’ ಎನ್ನಬೇಕು, ಅದೇ ಅವರ ಕನಸು. ಮೊಳೆ ಹೊಡೆದು ಜಾಗ ಕೂಡ ಖಾಲಿ ಇಟ್ಟಿದ್ದರು.

ಅಳತೆ ಶುರುವಾಗಿದ್ದು ಜೂನಿನ ಮೃಗಶಿರಾ ಮಳೆಗೆ, ಮುಗಿಯುವುದು ಮರುವರ್ಷದ ಮೃಗಶಿರಾ ಮಳೆಗೆ. ಮಳೆಗಾಲದಲ್ಲಿ ಹಲಗೆಗಳು ಕೊಡುವುದು ಅಷ್ಟಕ್ಕಷ್ಟೇ, ಮನೆ ಹೊರಗಿನ ಲೈನಿನಿಂದ ಎಳೆಯುತ್ತದೆ. ಅದನ್ನು ಬೇಸಿಗೆಯ ಬಿಸಿಲಿನಲ್ಲಿ ವಾಪಸು ತುಂಬಿಸಬೇಕು. ಆದ್ದರಿಂದ ಏಪ್ರಿಲ್, ಮೇ ತಿಂಗಳೇ ಎಲ್ಲ ತೀರ್ಮಾನ ಮಾಡುವುದು. ನಮ್ಮ ಕಡೆ ಆ ಎರಡು ತಿಂಗಳು ಇನ್ನೊಂದು ದೊಡ್ಡ ಕೆಲಸದ ಕಾಲವೂ ಹೌದು, ಹಲಸಿನಕಾಯಿ ಹಪ್ಪಳದ ಕಾಲ.

ಅತ್ತೆಗೆ ಹೊಸ ಮನೆಯಲ್ಲಿ ಹಪ್ಪಳ ಒಣಗಿಸಲು ಸರಿಯಾದ ಜಾಗ ಸಿಕ್ಕಿರಲಿಲ್ಲ. ಅಂಗಳಕ್ಕೆ ಪಕ್ಕದ ಮನೆಯ ಕೋಳಿ, ತಾರಸಿಯ ನೆಲಕ್ಕೆ ಧೂಳು. ಹೀಗೆ ಹುಡುಕುತ್ತ ಅವರ ಕಣ್ಣು ಸೋಲಾರ್ ಹಲಗೆಗಳ ಮೇಲೆ ಬಿತ್ತು. ಸೊಂಟದ ಎತ್ತರ, ನುಣ್ಣಗಿನ ಗಾಜು, ತೆಂಕಣ ಬಿಸಿಲಿಗೆ ಮುಖ ಮಾಡಿ ವಾಲಿಕೊಂಡಿದೆ, ಕಾಯ್ದ ಕಾವಲಿಯಷ್ಟು ಬಿಸಿ. ಹಳೆಯ ಪಂಚೆ ಹಾಸಿ ನಾಲ್ಕು ಮೂಲೆ ಕಟ್ಟಿ ಹಪ್ಪಳ ಹರವಿಯೇಬಿಟ್ಟರು. ಬೆಳಗ್ಗೆ ಹಾಕಿದ್ದು ಮಧ್ಯಾಹ್ನ ಊಟ ಮುಗಿಯುವಷ್ಟರಲ್ಲಿ ಗರಿಗರಿ. ಶಾಲೆಗೆ ರಜೆ ಇದ್ದದ್ದರಿಂದ ನಾನೂ ಒತ್ತಿಕೊಟ್ಟೆ. ಹೀಗೆ ಮಾಡಬಹುದಾ ಎಂದು ಕೇಳಿದ್ದಕ್ಕೆ ಅತ್ತೆ, “ಎಂತ ಆಗ್ತಿಲ್ಲೆ ಕೂಸೆ. ಕರೆಂಟು ಮಾಡಿ ಮಿಕ್ಕಿದ ಬಿಸ್ಲಲ್ಲಿ ಹಪ್ಪಳ ಒಣಗ್ತು. ಅದನ್ನ ಎಂತಕ್ಕೆ ದಂಡ ಮಾಡವು?” ಎಂದರು. ನಾನು ಕನ್ನಡ ಟೀಚರ್. ಮಿಕ್ಕಿದ ಬಿಸಿಲು ಎಂಬ ಮಾತೇ ಎಷ್ಟು ಚೆನ್ನಾಗಿದೆ ಅನ್ನಿಸಿ ಸುಮ್ಮನಾದೆ. ಒಂದು ಹಲಗೆಗೆ ನೆರಳು ಬಿದ್ದರೆ ಇಡೀ ಸಾಲೇ ಮಂಕಾಗುತ್ತದೆಂದು ಯಾರಿಗೆ ಗೊತ್ತಿತ್ತು? ಗೊತ್ತಿದ್ದ ನನ್ನ ಗಂಡ ಬೆಳಗ್ಗೆ ಅಂಗಡಿಗೆ ಹೋದರೆ ಬರುವುದು ಕತ್ತಲಾದ ಮೇಲೆ, ಅಷ್ಟರಲ್ಲಿ ಹಪ್ಪಳ ಡಬ್ಬಿ ಸೇರಿರುತ್ತಿತ್ತು. ಮೊಬೈಲಿನಲ್ಲಿ ಕರೆಂಟು ಕಡಿಮೆ ತೋರಿಸಿದರೆ ಇವರು ಮೋಡವನ್ನು ಬೈದುಕೊಂಡರು.

ಝೀರೋ ಸರ್ ಒಂದು ಮಧ್ಯಾಹ್ನ ಬಂದು ತಾರಸಿ ಹತ್ತಿದರು. ಹಲಗೆಗಳ ಮುಂದೆ ಬಹಳ ಹೊತ್ತು ನಿಂತರು. ಅತ್ತೆ ಹೆಮ್ಮೆಯಿಂದ ಒಂದು ಹಪ್ಪಳ ಎತ್ತಿ ತೋರಿಸಿದರು. ಅವರು ಅದನ್ನು ಮುಟ್ಟದೆ, ಸ್ವಲ್ಪ ಬಗ್ಗಿ, ವಾಸನೆ ನೋಡಿ, “ಭಾಳ ಛಲೋ ಆಗ್ಯಾವ್ರೀ ಅವ್ವಾರ” ಎಂದು ಇಳಿದುಹೋದರು. ಅಷ್ಟೇ. ಇನ್ನೊಂದು ಮಾತಿಲ್ಲ. ಅಳೆಯಲು ಬಂದವರು ಸಲಹೆ ಕೊಡುವಂತಿಲ್ಲವಂತೆ!

ಮಳೆಯ ಮೊದಲ ಹನಿ ಬಿದ್ದ ವಾರ ಲೆಕ್ಕ ಮುಗಿಸಿ ಬಂದರು. ಜಗಲಿಯಲ್ಲಿ ಕೂತು, “ಆಗಲಿಲ್ರೀ. ಕೊಂಚದಾಗ ತಪ್ಪಿತು. ಹಪ್ಪಳದ ನೆರಳು ಬಿತ್ತು” ಎಂದರು. ಗಂಡ ಒಂದು ಕ್ಷಣ ಅತ್ತೆಯ ಮುಖ ನೋಡಿದರು, ನಾನು ನೆಲ ನೋಡಿದೆ. ಆಮೇಲೆ ಇವರು ಗೋಗರೆದರು. “ಸರ್, ಮನೆಯದೇನೂ ತಪ್ಪಿಲ್ಲವಲ್ಲ. ಹಪ್ಪಳದ ದಿನಗಳನ್ನು ಬಿಟ್ಟು ಲೆಕ್ಕ ಹಾಕಿ, ಸರಿಯಾಗುತ್ತದೆ.”

“ಹಪ್ಪಳ ಬಿಟ್ಟು ಹಾಕಿದ್ರ ಅದು ನಿಮ್ಮ ಮನಿ ಲೆಕ್ಕ ಆಗೂದಿಲ್ರೀ. ಯಾರದೋ ಬ್ಯಾರೇ ಮನಿದು ಆಕ್ಕೈತಿ.”

“ಏಪ್ರಿಲಿನಲ್ಲೇ ಒಂದು ಮಾತು ಹೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?” ಎಂದು ನಾನೇ ಕೇಳಿದೆ. ಧ್ವನಿ ಏರಿತ್ತು. ಏರಲಿ, ನನಗೇನು!

ಅವರು ‘ಇಲ್ಲ’ ಎಂದು ಬರೆದು ಸಹಿ ಹಾಕಿದರು. ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟರು. ಆಮೇಲೆ ಬಾಗಿಲ ಬಳಿ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದ ಅತ್ತೆಯ ಕಡೆ ತಿರುಗಿ, “ಅವ್ವಾರ, ಈಗ ನನ್ನ ಕೆಲಸ ಮುಗೀತು. ಆಸರಿಗೆ ಏನರ ಐತೇನ್ರೀ? ಆ ಹಪ್ಪಳ ಇದ್ರ ಇನ್ನೂ ಛಲೋ” ಎಂದರು.

ಅತ್ತೆ ಓಡಿದರು, ಉತ್ಪ್ರೇಕ್ಷೆಯಲ್ಲ. ಕೊಬ್ಬರಿ ಎಣ್ಣೆಯಲ್ಲಿ ಹಪ್ಪಳ ಕರಿದು ತಟ್ಟೆ ತುಂಬ ತಂದಿಟ್ಟರು, ಹಿತ್ತಾಳೆ ಲೋಟದಲ್ಲಿ ಮಜ್ಜಿಗೆ. ಆ ಮನುಷ್ಯ ತಿಂದ ಚಂದವನ್ನು ನಾನು ಮರೆಯಲಾರೆ. ಗಬಗಬ ತಿನ್ನಲಿಲ್ಲ. ಒಂದೊಂದನ್ನೂ ಮುರಿದು, ಸದ್ದು ಕೇಳಿಸಿಕೊಂಡು, ನಿಧಾನಕ್ಕೆ ಬಾಯಿಗಿಟ್ಟುಕೊಂಡರು. ನನ್ನ ಸಿಟ್ಟೆಲ್ಲ ಎಲ್ಲಿಗೆ ಹೋಯಿತೋ ಗೊತ್ತಿಲ್ಲ.

ತಿನ್ನುತ್ತ ತಾವೇ ಹೇಳಿದರು. “ಶುರುವಿಗೆ ನಮ್ಮ ಕಡೆ ಒಂದು ಮನಿ ಅಳ್ಯಾಕ ಹೋಗ್ತಿದ್ದೆರಿ. ಆ ಮನಿ ಹೆಣ್ಮಗಳು ಹೋದಾಗೊಮ್ಮೆ ಬಿಸಿ ರೊಟ್ಟಿ ಬಡದು ಹಾಕಾಕಿ. ವರ್ಷ ಪೂರಾ ಉಂಡೆ. ಕಡೀಕ ನೋಡಿದ್ರ ಲೆಕ್ಕ ಕೂಡಲಿಲ್ಲ. ಅನ್ನ ಉಂಡ ಮನಿಗೆ ಇಲ್ಲ ಅಂತ ಹ್ಯಾಂಗ ಬರೀಲಿ? ಹೌದು ಅಂತ ಬರದೆ. ಆ ಮನಿ ನೋಡಿ ಮತ್ತ ನಾಕು ಮಂದಿ ಹಂಗ ಕಟ್ಟಿದ್ರು. ಎಲ್ಲಾ ನನ್ನ ಸುಳ್ಳಿನ ಮ್ಯಾಲೆ ನಿಂತಾವ್ರೀ ಇವತ್ತಿಗೂ. ಅವತ್ತಿನಿಂದ ಅಳತಿ ನಡದಾಗ ನೀರೂ ಮುಟ್ಟೂದಿಲ್ಲ.” ಮಜ್ಜಿಗೆ ಕುಡಿದು ಮುಗಿಸಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತರು. “ಒಬ್ರ ಮನ್ಯಾಗ ಕುಂತು ತಿಂದು ಭಾಳ ದಿನ ಆಗಿತ್ರೀ” ಎಂದರು.

ಒಂದು ಮನೆಯ ಅಳತೆ ಮುಗಿಯುವಷ್ಟರಲ್ಲಿ ಇನ್ನೊಂದು ಶುರುವಾಗಿರುತ್ತಿತ್ತು. ಸಹಿ ಸಿಕ್ಕಿದವರು ಸರ್ಟಿಫಿಕೇಟು ತೂಗುಹಾಕಿ ಅವರನ್ನು ಮರೆಯುತ್ತಿದ್ದರು, ಸಿಗದವರು ಮುಖ ತಿರುಗಿಸುತ್ತಿದ್ದರು. ಕರೆಯುವವರಾದರೂ ಯಾರು?

ಆ ಸಂಜೆಯೇ ನನ್ನ ಗಂಡ ಹೊಸ ಅರ್ಜಿಯ ಮಾತೆತ್ತಿದರು. ಈ ವರ್ಷ ಹಪ್ಪಳ ಅಂಗಳದಲ್ಲಿ, ಮುಂದಿನ ಮಳೆಗೆ ಸರ್ಟಿಫಿಕೇಟು ಗೋಡೆಯಲ್ಲಿ.

“ತಮಾ, ಅರ್ಜಿ ಹಾಕಡ” ಎಂದು ಅತ್ತೆ ಮಗನನ್ನು ತಡೆದರು.

“ಎಂತಕ್ಕೆ ಆಯಿ? ಅಂಗಡಿಗೆ ಬೇಕಾಗಿದ್ದು. ಅದನ್ನ ನೋಡಿದ್ರೆ ಗಿರಾಕಿಗ ನಂಬ್ತ.”

“ಅಳತೆ ಶುರುವಾತು ಹೇಳಿದ್ರೆ ಅಂವ ಮತ್ತೆ ಗೇಟಿನ ಹೊರಗೆ ಕೂತ್ಗತ್ತ. ಗೋಡೆಗೆ ಬೇಕಾದ್ರೆ ಕ್ಯಾಲೆಂಡರ್ ಹಾಕು. ಒಬ್ಬ ಮನುಷ್ಯನ್ನ ಹೊರಗೆ ಕೂರ್ಸಿ ತಗಂಡ ಕಾಗದ ಎಂತಕ್ಕೆ ಬೇಕು?”

ನನ್ನ ಗಂಡ ಅಷ್ಟು ಸುಲಭಕ್ಕೆ ಬಿಡುವವರಲ್ಲ. ಒಂದು ವಾರ ಮುಖ ಊದಿಸಿಕೊಂಡಿದ್ದರು. ಆ ಮೊಳೆಯ ಜಾಗಕ್ಕೆ ಕೊನೆಗೆ ಬ್ಯಾಟರಿ ಕಂಪನಿಯ ಕ್ಯಾಲೆಂಡರೇ ಬಂತು.

ಹೀಗೆ, ಅತ್ತೆ ಊಟಕ್ಕೆ ಕರೆದು ಕರೆದು, ಝೀರೋ ಸರ್ ನಮ್ಮ ಮನೆಯ ಭಾನುವಾರದ ಮನುಷ್ಯರಾದರು. ಬರುವಾಗ ಗೇಟಿನ ಕಲ್ಲನ್ನು ಕಾಲಲ್ಲಿ ಒಮ್ಮೆ ತಟ್ಟಿ ಒಳಗೆ ಬರುವರು. ಊಟ ಮಾಡಿ ಜಗಲಿಯ ಬೆಂಚಿನ ಮೇಲೆ ನಿದ್ದೆ ಹೋಗುವರು. ಪಾತ್ರೆ ತೊಳೆಯುವ ಸದ್ದಿಗೆ ಎಚ್ಚರವಾದೀತೆಂದು ನಾನು ಮೆಲ್ಲಗೆ ಇಡುತ್ತಿದ್ದರೆ, “ಹಂಗ ಬಡೀರಿ ಅಕ್ಕಾರ. ಒಳಗ ಭಾಂಡೆ ಸಪ್ಪಳ ಆಗ್ತಿದ್ರ ನನಗ ನಿದ್ದಿ ಭಾಳ ಛಲೋ ಬರತೈತಿ” ಎನ್ನುವರು. ನಿಮ್ಮ ಸ್ವಂತ ಮನೆಗೆ ಸರ್ಟಿಫಿಕೇಟು ಸಿಕ್ಕಿದೆಯಾ ಎಂದು ನನ್ನ ಗಂಡ ಒಮ್ಮೆ ತಮಾಷೆ ಮಾಡಿದಾಗ, “ನಂದು ಖೋಲಿ ರೀ, ಮನಿ ಅಲ್ಲ. ನಾಕು ಮಂದಿ ಬಾಳೇ ಮಾಡೂ ಮನೀನ ಅಳೀಬೇಕು. ಮಂದಿ ಇಲ್ಲದಲ್ಲಿ ಅಳ್ಯಾಕ ಏನೈತಿ?” ಎಂದು ನಕ್ಕರು. ಹಾಗೆ ನಗುವಾಗ ಅವರ ಮುಖ ನೋಡಲು ನನ್ನಿಂದ ಆಗಲಿಲ್ಲ.

ವರ್ಷ ವರ್ಷವೂ ಮಳೆ ಹತ್ತಿರ ಬಂದಂತೆ ಅವರದೊಂದು ರಾಗ: “ಈ ಸಲ ಅರ್ಜಿ ಹಾಕ್ರೆಪ್ಪಾ, ಖಂಡಿತ ಆಕ್ಕೈತಿ. ಇಂಥಾ ಮನಿ ಸುಮ್ನ ಬಿಡಬಾರದು.” ನಾವು ಒಂದಲ್ಲ ಒಂದು ನೆವ ಹೇಳುವುದು, ಈ ವರ್ಷ ಬಣ್ಣ ಬಳಿಸಬೇಕು, ಈ ವರ್ಷ ಪಂಪು ಬದಲಿಸಬೇಕು ಎಂದು. ಅತ್ತೆ ನೆವ ಹೇಳುವ ಗೋಜಿಗೇ ಹೋಗಲಿಲ್ಲ. ಬೇಸಿಗೆ ಬಂದ ಕೂಡಲೇ ಪಂಚೆ ತೆಗೆದುಕೊಂಡು ತಾರಸಿ ಹತ್ತಿ ಹಲಗೆಗಳ ಮೇಲೆ ಹಪ್ಪಳ ಹರವುವರು. ಅಂಗಳಕ್ಕೆ ಬಲೆ ತಂದುಕೊಟ್ಟರೂ ಕೇಳಲಿಲ್ಲ.

ಒಂದು ಭಾನುವಾರ ಅವರು ಬೇಗ ಬಂದರು. ಅತ್ತೆ ಹಸಿ ಹಪ್ಪಳದ ಬುಟ್ಟಿ ಹೊತ್ತು ಮೆಟ್ಟಿಲು ಹತ್ತುತ್ತಿದ್ದರು, ಝೀರೋ ಸರ್ ಬುಟ್ಟಿ ಇಸಿದುಕೊಂಡು ಹಿಂದೆಯೇ ಹೋದರು. ನಾನು ಲೋಟ ಹಿಡಿದು ಮೆಟ್ಟಿಲ ತುದಿಯಲ್ಲಿ ನಿಂತಿದ್ದೆ. ಪಂಚೆ ಕಟ್ಟುತ್ತಿದ್ದ ಅತ್ತೆಯನ್ನು ಅವರು ಕೇಳಿದರು, “ಅವ್ವಾರ, ಇದರಿಂದ ಲೆಕ್ಕ ತಪ್ಪತೈತಿ ಅಂತ ನಿಮಗ ಗೊತ್ತೈತಲ್ರೀ?”

“ಗೊತ್ತಿದ್ದು” ಎಂದರು ಅತ್ತೆ, ತಲೆಯೆತ್ತದೆ.

ಅವರು ಅತ್ತೆಯನ್ನೇ ನೋಡುತ್ತ ನಿಂತರು. ಆಮೇಲೆ ಬುಟ್ಟಿಗೆ ಕೈಹಾಕಿ ಒಂದು ಹಪ್ಪಳ ಎತ್ತಿ, ಅಷ್ಟು ವರ್ಷ ಬೇರೆಯವರ ಹಲಗೆಗಳ ಮೇಲೆ ಒಂದು ತರಗೆಲೆ ಬಿದ್ದರೂ ಹುಬ್ಬು ಗಂಟಿಕ್ಕುತ್ತಿದ್ದ ಮನುಷ್ಯ, ಅದನ್ನು ಬಹಳ ಜೋಪಾನವಾಗಿ ಹಲಗೆಯ ನಟ್ಟನಡುವೆ ಇಟ್ಟರು. ಬುಟ್ಟಿ ಖಾಲಿಯಾಗುವವರೆಗೂ ಇಬ್ಬರೂ ಹರವಿದರು. ಆ ವರ್ಷದಿಂದ ಅವರು ಅರ್ಜಿಯ ಮಾತೆತ್ತಲಿಲ್ಲ.

ಕಳೆದ ಮಳೆಗಾಲದಲ್ಲಿ ಒಂದು ಭಾನುವಾರ ಬರಲಿಲ್ಲ. ಮಳೆ ಜೋರಿತ್ತು, ಅದಕ್ಕೇ ಇರಬೇಕೆಂದುಕೊಂಡೆವು. ಮರುದಿನ ಅವರ ಮನೆಮಾಲೀಕರ ಫೋನು ಬಂತು. ನಿದ್ದೆಯಲ್ಲೇ ಹೃದಯ ನಿಂತಿತ್ತಂತೆ. ನಾವು ಅವರ ಕೋಣೆ ನೋಡಿದ್ದು ಅವತ್ತೇ ಮೊದಲು. ತಗಡಿನ ಮಾಡಿನ ಕೆಳಗೆ, ಪಡುವಣಕ್ಕೆ ಒಂದೇ ಕಿಟಕಿ. ಬೇಸಿಗೆಯಲ್ಲಿ ಆ ಕೋಣೆ ಹೇಗಿರುತ್ತಿತ್ತೆಂದು ಕೇಳಬೇಕೇ? ಊರವರ ಗೋಡೆಗಳನ್ನೆಲ್ಲ ಮುಟ್ಟಿ ನೋಡಿದವರ ಗೋಡೆಯನ್ನು ನಾನು ಮುಂಗೈ ತಿರುಗಿಸಿ ಮುಟ್ಟಿ ನೋಡಿದೆ. ಮಳೆಯ ಥಂಡಿ ಹಿಡಿದು ಒದ್ದೆಯಾಗಿತ್ತು. ಹಾವೇರಿ ಕಡೆಯಿಂದ ಅಣ್ಣನೆಂಬವರು ಬಂದು ದೇಹವನ್ನು ಊರಿಗೆ ಒಯ್ದರು. ನೆರೆದಿದ್ದ ಕೆಲವೇ ಮಂದಿಯಲ್ಲಿ ಒಬ್ಬರು, “ಒಳ್ಳೆಯವನೇ, ಆದ್ರೆ ಯಾರ ಮನೇಲೂ ಒಂದು ಲೋಟ ನೀರು ಕುಡಿದ ಜನ ಅಲ್ಲ” ಎಂದರು.

“ನಮ್ಮನೇಲಿ ಕುಡಿದಿದ್ದರು” ಎಂದೆ. ಎಲ್ಲರೂ ತಿರುಗಿ ನೋಡುವಷ್ಟು ಜೋರಾಗಿ ಹೇಳಿದೆ.

ಮತ್ತೆ ಏಪ್ರಿಲ್ ಬಂತು. ಈ ವರ್ಷ ಹಲಸು ಚೆನ್ನಾಗಿ ಕಾಯಿ ಹಿಡಿದಿದೆ. ಅತ್ತೆ ಎಂದಿನಂತೆ ತೊಳೆ ಬೇಯಿಸಿ ರುಬ್ಬಿದರು, ನಾನು ಒತ್ತಿಕೊಟ್ಟೆ. ಬುಟ್ಟಿ ಎತ್ತಿಕೊಂಡು ನಾನು ಮೆಟ್ಟಿಲ ಕಡೆ ಹೊರಟರೆ, ಅತ್ತೆ ಅಂಗಳದಲ್ಲಿ ಚಾಪೆ ಬಿಚ್ಚುತ್ತಿದ್ದರು. ನಾನು ಬುಟ್ಟಿಯನ್ನು ಅಲ್ಲಿಗೇ ತಂದೆ. ಅತ್ತೆ ಹಪ್ಪಳ ಹರವಿ, ಬಲೆ ಹೊದಿಸಿ, ಕೋಳಿ ಕಾಗೆಗೆ ಒಂದು ಕೋಲು ಹಿಡಿದು ಅಲ್ಲೇ ಕೂತರು.

ಕಳೆದ ಭಾನುವಾರ ನನ್ನ ಗಂಡ ಮೊಬೈಲು ನೋಡುತ್ತ ಅಂಗಳಕ್ಕೆ ಬಂದರು. ಹಲಗೆಗಳು ಯಾವ ಬೇಸಿಗೆಯಲ್ಲೂ ಕೊಡದಷ್ಟು ಕರೆಂಟು ಕೊಡುತ್ತಿವೆಯಂತೆ. ಮೊದಲು ಖುಷಿಯಲ್ಲೇ ಹೇಳಹೊರಟರು, ಅರ್ಧಕ್ಕೆ ಧ್ವನಿ ತಗ್ಗಿತು. “ಆಯಿ, ಈಗ ಅರ್ಜಿ ಹಾಕಿದ್ರೆ ಸರ್ಟಿಫಿಕೇಟ್ ಸಿಕ್ತು” ಎಂದರು.

“ಹಾಕು ತಮಾ” ಎಂದರು ಅತ್ತೆ. “ಇನ್ನು ಎಂತ ಅಡ್ಡಿಲ್ಲೆ.”

ಇವರು ಮೊಬೈಲು ಜೇಬಿಗಿಟ್ಟು, ಅಮ್ಮನ ಕೈಯಿಂದ ಕೋಲು ತೆಗೆದುಕೊಂಡು ಕಾಗೆ ಓಡಿಸುತ್ತ ಕೂತರು.